ಮುಜಂಟಿಯ ಬಾಗಿಲಿಗೆ ಮೆತ್ತಿದ ಸಿಮೆಂಟು

ಮಣಿಪಾಲದ ಅಂಗಡಿಯೊಂದರಲ್ಲಿ ಮೊನ್ನೆ ಹೆಬ್ಬೆರಳಿನಷ್ಟೇ ದೊಡ್ಡದಾದ ಗಾಜಿನ ಬಾಟಲಿಯ ಮುಚ್ಚಳ ತೆರೆದೆ. ಮೂಗಿಗೆ ಬಡಿದ ವಾಸನೆಗೆ ಅಲ್ಲೇ ನಿಂತುಬಿಟ್ಟೆ. ಜೇನಿನ ಬರೀ ಸಿಹಿ ವಾಸನೆಯಲ್ಲ ಅದು. ಹುಳಿ ಬೆರೆತದ್ದು, ಹಲಸಿನ ಮೇಣದ್ದು, ಗೇರುಹೂವಿನದ್ದು, ಬಿಸಿಲು ಬಿದ್ದ ಮಣ್ಣುಗೋಡೆಯದ್ದು. ಮುಜಂಟಿಯ ತುಪ್ಪ. ಕುಟ್ಟಲು ಮುಳ್ಳೇ ಇಲ್ಲದ, ಕರಿ ಎಳ್ಳಿಗಿಂತ ಒಂದು ಚೂರು ದೊಡ್ಡದಾದ ಜೇನುಹುಳವನ್ನು ನಮ್ಮ ಕಡೆ ಮುಜಂಟಿ ಎನ್ನುತ್ತಾರೆ. ಗೋಡೆಯ ಸಂದಿಯಲ್ಲೋ ಮರದ ಪೊಟರೆಯಲ್ಲೋ ಗೂಡು ಮಾಡಿ, ಮೇಣದ ಸಣ್ಣ ಕೊಳವೆಯೊಂದನ್ನು ಹೊರಕ್ಕೆ ಕಟ್ಟಿ, ಅದನ್ನೇ ಬಾಗಿಲೆಂದು ಬದುಕುವ ಜೀವ. ಆ ವಾಸನೆಯ ಹಿಂದೆಯೇ ಇನ್ನಂಜೆಯ ಮನೆಯ ಜಗಲಿ ಬಂತು, ಸಾಲಾಗಿ ಕೂತ ಮಡಕೆಗಳು ಬಂದವು, ಅವುಗಳ ಮುಂದೆ ಕುಕ್ಕರಗಾಲಲ್ಲಿ ಕೂತ ನನ್ನ ಲಿಲ್ಲಿ ಮಾವ್ಶಿ ಬಂದಳು. ಆದರೆ ಎರಡನೆಯ ಸಲ ಉಸಿರೆಳೆದಾಗ ಅಡಿಯಲ್ಲಿ ಅಡಗಿದ್ದ ಇನ್ನೊಂದು ವಾಸನೆ ಸಿಕ್ಕಿತು, ಒಡೆದ ಹಾಲಿನಂಥದ್ದು. ಬಾಟಲಿಯನ್ನು ಬೆಳಕಿಗೆ ಹಿಡಿದೆ. ತಳದಲ್ಲಿ ಬೂದುಬಣ್ಣದ ಮಡ್ಡಿ. ಮೊಟ್ಟೆಮರಿಗಳ ಸಮೇತ ಹಿಂಡಿದ ತುಪ್ಪ. "ಹಳೇ ಪದ್ಧತಿಯದ್ದೇ ಮೇಡಂ, ಪೂರ್ತಿ ಗೂಡನ್ನು ಕೈಯಲ್ಲೇ ಹಿಂಡಿ ತೆಗೆಯುವುದು. ಅದಕ್ಕೇ ಇಷ್ಟು ಪವರ್ ಉಂಟು," ಎಂದಳು ಅಂಗಡಿಯ ಹುಡುಗಿ. ಅವಳದ್ದೇನೂ ತಪ್ಪಿಲ್ಲ, ಹೇಳಿಕೊಟ್ಟದ್ದನ್ನು ಹೇಳಿದಳು. ಬಾಟಲಿಯನ್ನು ಇದ್ದಲ್ಲಿಯೇ ಇಟ್ಟು ಹೊರಗೆ ಬಂದೆ. ಇದೇ ಸೀಮೆಯ ಒಬ್ಬ ಹೆಂಗಸು, ಒಂದು ಮರಿಯನ್ನೂ ಸಾಯಿಸದೆ ಈ ತುಪ್ಪ ತೆಗೆಯುವುದು ಹೇಗೆಂದು ತೋರಿಸಿ ಹೋದ ಮೇಲೂ, ಹಿಂಡಿದ್ದೇ ದೊಡ್ಡಸ್ತಿಕೆಯೆಂದು ಚೀಟಿ ಅಂಟಿಸಿ ಮಾರುತ್ತಿದ್ದಾರೆ.

ನನ್ನ ಅಪ್ಪ ಅಮ್ಮ ಇಬ್ಬರೂ ಆಗ ಕುವೈತಿನಲ್ಲಿದ್ದರು. ನಾನು ಬೆಳೆದದ್ದು ಅಮ್ಮನ ತವರಿನಲ್ಲಿ, ಅಮ್ಮನ ಅಕ್ಕನ ಮಡಿಲಲ್ಲಿ. ನಮ್ಮ ಕೊಂಕಣಿಯಲ್ಲಿ ಅಮ್ಮನ ಅಕ್ಕತಂಗಿಯರನ್ನು ಮಾವ್ಶಿ ಎನ್ನುವುದು. ಲಿಲ್ಲಿ ಮಾವ್ಶಿಗೆ ಮದುವೆಯಾಗಿರಲಿಲ್ಲ. ಹದಿನೈದನೆಯ ವಯಸ್ಸಿನಿಂದ ಬೀಡಿ ಕಟ್ಟಿದವಳು, ನಲವತ್ತು ದಾಟುವಾಗ ಎದೆಯಲ್ಲಿ ಕೆಮ್ಮು ಕೂತುಕೊಂಡಿತು. ಡಾಕ್ಟರು ತಂಬಾಕಿನ ಧೂಳಿನಿಂದ ದೂರ ಇರು ಎಂದರು. ದೂರ ಇದ್ದರೆ ಉಣ್ಣುವುದು ಎಂತದನ್ನು ಎಂದು ಡಾಕ್ಟರು ಹೇಳಲಿಲ್ಲ. ಮನೆ ತಮ್ಮನದ್ದು, ಅಂದರೆ ನನ್ನ ಬೆನ್ನಿ ಮಾಮನದ್ದು. ಅಕ್ಕನಿಗೆ ಎರಡು ಹೊತ್ತು ಊಟ ಹಾಕದಷ್ಟು ಕೆಟ್ಟವರೇನಲ್ಲ ಅವರು. ಆದರೆ ಆ ಊಟದ ಜೊತೆ ನಂಜಿಕೊಳ್ಳಲು ಒಂದು ಮಾತನ್ನೂ ಬಡಿಸುತ್ತಿದ್ದರು, "ಒಬ್ಬಳಿಗೆ ಖರ್ಚೆಂತ ಉಂಟು?" ಎಂದು. ಮಾವ್ಶಿಗೆ ಇಗರ್ಜಿಗೆ ಉಡುವ ಸೀರೆಯಿಂದ ಹಿಡಿದು ಕೆಮ್ಮಿನ ಔಷಧಿಯವರೆಗೆ ಪ್ರತಿಯೊಂದನ್ನೂ ಕೇಳಿ ಪಡೆಯುವುದು ಕೈ ಸುಟ್ಟಷ್ಟು ಕಷ್ಟವಾಗುತ್ತಿತ್ತು. ಆಗ ಅವಳ ಕಣ್ಣಿಗೆ ಬಿದ್ದದ್ದು ಜಗಲಿಯ ಗೋಡೆಯ ಮುಜಂಟಿಗಳು. ತೂತುತೂತಾದ ಕೆಂಪು ಮುರಕಲ್ಲಿಗೆ ಮಣ್ಣು ಮೆತ್ತಿದ ಆ ಗೋಡೆಯಲ್ಲಿ ಒಂಬತ್ತು ಮೇಣದ ಕೊಳವೆಗಳಿದ್ದವು. ಅವಳ ಅಜ್ಜನ ಕಾಲದಿಂದಲೂ ಇದ್ದವಂತೆ.

ಊರಲ್ಲಿ ಮುಜಂಟಿ ಎಲ್ಲರಿಗೂ ಬೇಕು. ಮಗುವಿಗೆ ಕೆಮ್ಮಾದರೆ ಬೇಕು, ಬಾಣಂತಿಗೆ ಬೇಕು, ಕಣ್ಣು ಕೆಂಪಾದರೆ ಬೇಕು. ಬೇಕಾದಾಗ ಗೋಡೆಗೆ ಕತ್ತಿ ಹಾಕಿ ಕಲ್ಲು ಎಬ್ಬಿಸುವುದು, ಕೈ ಹಾಕಿ ಗೂಡನ್ನು ಬಾಚುವುದು, ಬಟ್ಟೆಯಲ್ಲಿ ಕಟ್ಟಿ ಹಿಂಡುವುದು. ತುಪ್ಪ, ಹೂವಿನ ಹುಡಿ, ಮೊಟ್ಟೆ, ಮರಿ ಎಲ್ಲ ಒಟ್ಟಿಗೆ ಇಳಿಯುತ್ತಿತ್ತು. ಉಳಿದ ಸಿಪ್ಪೆಯನ್ನು ಅಂಗಳಕ್ಕೆ ಎಸೆದರೆ ಕೋಳಿಗಳು ಹೆಕ್ಕುತ್ತಿದ್ದವು. ಒಂದು ಚಮಚಕ್ಕೆ ಒಂದು ಸಂಸಾರ. ಚಿನ್ನದ ಮೊಟ್ಟೆಯ ಕೋಳಿಯ ಕಥೆಯನ್ನು ಶಾಲೆಯಲ್ಲಿ ಬಾಯಿಪಾಠ ಒಪ್ಪಿಸಿದವರೇ ಮನೆಗೆ ಬಂದು ಹೀಗೆ ಮಾಡುತ್ತಿದ್ದರು. ಮಾವ್ಶಿ ಬೇರೆ ದಾರಿ ಹುಡುಕಿದಳು. ಯಾರೂ ಹೇಳಿಕೊಟ್ಟದ್ದಲ್ಲ, ಎರಡು ವರ್ಷ ಜಗಲಿಯಲ್ಲಿ ಕೂತು ನೋಡಿ ನೋಡಿ ಕಲಿತದ್ದು. ಹುಳ ಮೊಟ್ಟೆಯಿಡುವುದು ಗೂಡಿನ ನಡುವೆ, ತುಪ್ಪ ಕೂಡಿಡುವುದು ಅಂಚಿನಲ್ಲಿ, ಜಾಗ ಸಿಕ್ಕಿದರೆ ಮೇಲ್ಗಡೆ. ಹಾಗಾದರೆ ಮೇಲೆ ಜಾಗ ಕೊಟ್ಟರಾಯಿತಲ್ಲ. ಗೂಡಿರುವ ಮಡಕೆಯ ಬಾಯಿಯ ಮೇಲೆ, ತಳಕ್ಕೆ ತೂತು ಕೊರೆದ ಚಿಕ್ಕ ಕುಡಿಕೆಯೊಂದನ್ನು ಕೂರಿಸಿ, ಸುತ್ತ ಸೆಗಣಿ ಮಣ್ಣು ಮೆತ್ತಿದಳು. ಗೇರು ಮಾವು ಹೂಬಿಟ್ಟು ಮುಗಿಯುವ ಹೊತ್ತಿಗೆ ಕುಡಿಕೆಯ ತುಂಬ ದ್ರಾಕ್ಷಿಯಂಥ ಮೇಣದ ಗುಳ್ಳೆಗಳು, ಒಳಗೆ ಬರೀ ತುಪ್ಪ. ಕುಡಿಕೆಯನ್ನಷ್ಟೇ ಬಿಡಿಸಿ ತೆಗೆದು, ಹಿಡಿಸೂಡಿಯ, ಅಂದರೆ ಕಡ್ಡಿಪೊರಕೆಯ, ಒಂದು ಕಡ್ಡಿಯಿಂದ ಒಂದೊಂದೇ ಗುಳ್ಳೆ ಚುಚ್ಚಿ, ಜರಡಿಯ ಮೇಲೆ ಮಗುಚಿ ಬಿಸಿಲಲ್ಲಿಡುತ್ತಿದ್ದಳು. ಹಿಂಡುವುದಿಲ್ಲ, ಮುಟ್ಟುವುದೂ ಇಲ್ಲ. ಅದಾಗಿಯೇ ಇಳಿದದ್ದು ನಮಗೆ. ಮೂರರಲ್ಲಿ ಒಂದು ಪಾಲು ಗುಳ್ಳೆಗಳನ್ನು ಒಡೆಯದೆ ಹುಳಗಳಿಗೇ ಬಿಡುತ್ತಿದ್ದಳು, ಮಳೆಗಾಲಕ್ಕೆ ಅವಕ್ಕೂ ಅಕ್ಕಿ ಬೇಡವೇ ಎಂದು.

ಗೋಡೆಯ ಗೂಡುಗಳನ್ನು ಅವಳು ಎಂದೂ ಒಡೆಯಲಿಲ್ಲ. ಅವು ತಾಯಿಗೂಡುಗಳು. ಕೊಳವೆಯ ಎದುರಿಗೆ ಖಾಲಿ ಮಡಕೆಯೊಂದನ್ನು ಜೋಡಿಸಿ, ಹುಳಗಳು ಅದರೊಳಗಿಂದಲೇ ಓಡಾಡುವಂತೆ ಮಾಡಿ, ನಿಧಾನಕ್ಕೆ ಅಲ್ಲೊಂದು ಹೊಸ ಸಂಸಾರ ಹೂಡಿಸುತ್ತಿದ್ದಳು. ಅದಕ್ಕೆ ತಿಂಗಳುಗಟ್ಟಲೆ ಬೇಕು. ಹೊಸ ಮಡಕೆಯ ಬಾಯಿಗೆ ಹಳೆಯ ಕೊಳವೆಯ ಮೇಣವನ್ನು ಸವರುತ್ತಿದ್ದಳು, ಮನೆ ಗುರುತು ಸಿಗಬೇಕಲ್ಲ ಎಂದು. ಹೀಗೆ ಒಂಬತ್ತು ಗೂಡುಗಳಿಂದ ಜಗಲಿಯ ಮೇಲೆ ಇಪ್ಪತ್ತಕ್ಕಿಂತ ಹೆಚ್ಚು ಮಡಕೆಗಳಾದವು. ಕಾರ್ಕಳದ ಹತ್ತಿರ ಕುಕ್ಕುಂದೂರಿನಲ್ಲಿ ಒಬ್ಬರು ಹಳೆಯ ವೈದ್ಯರಿದ್ದರು. ಮಾವ್ಶಿಯ ತುಪ್ಪವನ್ನು ನಾಲಿಗೆಗಿಟ್ಟು, ಇದರಲ್ಲಿ ಹಿಂಸೆಯಿಲ್ಲ ಎಂದರಂತೆ. ವರ್ಷಕ್ಕೊಮ್ಮೆ ಎಲ್ಲ ತುಪ್ಪವನ್ನೂ ಅವರೇ ಕೊಳ್ಳುತ್ತಿದ್ದರು. ಅಂದಿನಿಂದ ಮಾವ್ಶಿ ಯಾರ ಮುಂದೆಯೂ ಕೈ ಚಾಚಲಿಲ್ಲ. ಮೊಂತಿ ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ನಾವು ಮಕ್ಕಳು ಮಾತೆ ಮರಿಯಮ್ಮನಿಗೆ ಹೂ ಕೊಯ್ಯಲು ಬುಟ್ಟಿ ಹಿಡಿದು ಹೊರಟರೆ, ಹಿಂದಿನಿಂದ ಕೂಗುತ್ತಿದ್ದಳು, "ಜೆಸ್ಸಿ, ಗಿಡ ಬೋಳಿಸಬೇಡ. ಮರಿಯಮ್ಮನಿಗೆ ಒಂದು ಹಿಡಿ ಸಾಕು. ಇವಕ್ಕೆ ಸಾಲದು."

ಯಲ್ಲವ್ವ ನಮ್ಮ ಜಗಲಿಗೆ ಬಂದದ್ದು ಆ ದಿನಗಳಲ್ಲೇ. ಬಾಗಲಕೋಟೆ ಕಡೆಯವಳು. ಗಾರೆ ಕೆಲಸದವರ ಜೊತೆ ಬಂದು ಮಣಿಪಾಲದಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದಳು. ನಮ್ಮ ಬಾವಿಕಟ್ಟೆ ಕಟ್ಟಲು ಒಂದು ವಾರ ಬಂದಿದ್ದಾಗ ಮಾವ್ಶಿಯ ಮಡಕೆಗಳ ಮುಂದೆ ಕೂತೇ ಬುತ್ತಿ ಉಣ್ಣುತ್ತಿದ್ದಳು. ಕ್ರಿಶ್ಚಿಯನ್ ಹೆಂಗಸರನ್ನು ನಮ್ಮೂರಲ್ಲಿ ಬಾಯಿ ಎನ್ನುವುದನ್ನು ಕೇಳಿ, ಅವಳು ಅದಕ್ಕೆ ತನ್ನ ಊರಿನ ಮರ್ಯಾದೆ ಸೇರಿಸಿ ಬಾಯಾರ ಎಂದು ಕರೆದಳು. ಮುಂದಿನ ಬೇಸಗೆಯಲ್ಲಿ ಒಂದು ದಿನ ತಲೆಯ ಮೇಲೆ ದೊಡ್ಡದೊಂದು ಮುರಕಲ್ಲು ಹೊತ್ತು ಅಂಗಳಕ್ಕೆ ಬಂದು ನಿಂತಳು. "ಬಾಯಾರ, ಈ ಕಲ್ಲಿನ್ಯಾಗ ನಿಮ್ಮ ಹುಳ ಅದಾವ್ರಿ. ಉದ್ಯಾವರದಾಗ ಹಳೀ ಮನಿ ಕೆಡವಾಕತ್ತೀವಿ. ಮೇಸ್ತ್ರಿ ಸೀಮೆಎಣ್ಣಿ ಸುರೀತೀನಂದ. ನಾ ಎತ್ಕೊಂಡ ಬಂದೆ," ಎಂದಳು. ಮಾವ್ಶಿ ದಂಗಾಗಿ, "ಅಯ್ಯೋ ಮಾರಾಯ್ತಿ, ಬಸ್ಸಿನವನು ಹತ್ತಿಸಿಕೊಂಡನಾ?" ಎಂದು ಕೇಳಿದಳು. "ಬಾಗಿಲಿಗೆ ಅರಿವಿ ತುರುಕೇನ್ರಿ. ಯಾರಿಗೂ ಗೊತ್ತಾಗ್ಲಿಲ್ಲ."

ಉಡುಪಿ, ಮಣಿಪಾಲ, ಉದ್ಯಾವರಗಳಲ್ಲಿ ಆಗ ಹಳೆಯ ಮನೆಗಳು ಒಂದರ ಹಿಂದೊಂದು ಬೀಳುತ್ತಿದ್ದವು. ಗೋಡೆ ಬಿದ್ದಲ್ಲೆಲ್ಲ ಒಂದೋ ಎರಡೋ ಮುಜಂಟಿ ಸಂಸಾರ. ಯಲ್ಲವ್ವ ಕಂಡಷ್ಟನ್ನು ತಂದಳು. ಮಾವ್ಶಿ ಅವಳಿಗೆ ಕಲಿಸಿದಳು: ಕಲ್ಲು ಬಿಡಿಸುವಾಗ ಮೊಟ್ಟೆಯ ಗೊಂಚಲು ಮಗುಚದಂತೆ ಎತ್ತುವುದು, ತೆಂಗಿನ ಕರಟದೊಳಗೆ ಕೂರಿಸುವುದು, ಇರುವೆ ಬಾರದಂತೆ ತಂತಿಗೆ ಎಣ್ಣೆ ಸವರಿ ತೂಗುಹಾಕುವುದು. ಕಲಿತ ಮೇಲೆ ಮೂರು ಕರಟಗಳನ್ನು ಅವಳ ಶೆಡ್ಡಿಗೇ ಕೊಟ್ಟು ಕಳಿಸಿದಳು. "ಕಲ್ಲು ಹೊರುವ ಬೆನ್ನು ಎಷ್ಟು ದಿನ ತಡೆದೀತು? ಇದು ಬೆಳೆದರೆ ನಿನಗೆ ಆಧಾರ ಆಗ್ತದೆ," ಎಂದಿದ್ದಳು. ಕೊಂಕಣಿಯ ಹೆಂಗಸೂ ಬಯಲುಸೀಮೆಯ ಹೆಂಗಸೂ ನಡುವಿನ ಕನ್ನಡದಲ್ಲಿ, ಒಬ್ಬಳದ್ದು ಶಾಲೆಪುಸ್ತಕದ ಕನ್ನಡ, ಇನ್ನೊಬ್ಬಳದ್ದು ಜೋಳದ ಹೊಲದ ಕನ್ನಡ, ಇಡೀ ಮಧ್ಯಾಹ್ನ ಹುಳಗಳ ಮಾತಾಡುತ್ತಿದ್ದರು. ನನ್ನ ಬಾಲ್ಯದ ಸುಖ ಯಾವುದೆಂದು ಯಾರಾದರೂ ಕೇಳಿದರೆ ಆ ಮಧ್ಯಾಹ್ನಗಳನ್ನೇ ಹೇಳುತ್ತೇನೆ.

ಆಮೇಲೆ ಉದ್ಧಾರ ಮಾಡುವವರು ಬಂದರು. ಯಾವುದೋ ಯೋಜನೆಯವರು, ಹೆಸರು ಬೇಡ. ಮುಜಂಟಿ ಸಾಕಣೆಯನ್ನು ಸುಧಾರಿಸಿ ಬಡವರಿಗೆ ಶಾಶ್ವತ ಜೀವನೋಪಾಯ ಕಲ್ಪಿಸುವುದು ಅವರ ಗುರಿಯಂತೆ. ಗುರಿ ಒಳ್ಳೆಯದೇ, ಮಾವ್ಶಿ ಮಾಡುತ್ತಿದ್ದದ್ದೂ ಅದೇ ತಾನೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗಾಯಿತು. ಇಸ್ತ್ರಿ ಮಾಡಿದ ಪ್ಯಾಂಟಿನ ಸಾಹೇಬರೊಬ್ಬರು ಜಗಲಿಯ ಮಡಕೆಗಳನ್ನು ಎರಡು ನಿಮಿಷ ನೋಡಿ, ಪರವಾಗಿಲ್ಲ, ಆದರೆ ಇದು ವೈಜ್ಞಾನಿಕವಲ್ಲ ಎಂದರು. ಜೀಪಿನಿಂದ ಮರದ ಪೆಟ್ಟಿಗೆಯೊಂದನ್ನು ಇಳಿಸಿದರು. ಹೊಸ ಬಣ್ಣ ಬಳಿದು ಹೊಳೆಯುತ್ತಿತ್ತು. ಮಾವ್ಶಿ ಅದರ ಸುತ್ತ ಒಂದು ಸುತ್ತು ಬಂದಳು. "ಸರ್, ಇದು ತುಡುವೆ ಜೇನಿನ ಪೆಟ್ಟಿಗೆ ಅಲ್ವಾ? ತುಡುವೆ ದೊಡ್ಡ ಹುಳ, ಕುಟ್ಟುತ್ತದೆ, ಕಾದುಕೊಳ್ಳುತ್ತದೆ. ಮುಜಂಟಿಗೆ ಇಷ್ಟು ದೊಡ್ಡ ಮನೆ ಎಂತಕ್ಕೆ? ಬಾಗಿಲೂ ಅಗಲ ಉಂಟು. ನೊಣ ಹೊಗ್ಗುತ್ತದೆ," ಎಂದಳು. ಸಾಹೇಬರು ನಕ್ಕರು. ಅವರ ಜೊತೆ ಬಂದವರೂ ನಕ್ಕರು. ನನ್ನ ಮಾಮನೂ ನಕ್ಕರು, ಅದು ನನಗೆ ಇಂದಿಗೂ ಮರೆಯದು.

ಮಾಮನಿಗೆ ಆ ವರ್ಷ ಪಂಚಾಯತಿಗೆ ನಿಲ್ಲುವ ಆಸೆ ಹುಟ್ಟಿತ್ತು. ಉದ್ಘಾಟನೆ ನಮ್ಮ ಅಂಗಳದಲ್ಲೇ ಆಗಲಿ ಎಂದು ಅವರೇ ಒಪ್ಪಿಕೊಂಡರು. ದೊಡ್ಡವರೊಬ್ಬರು ಬರುವವರಿದ್ದರು, ಅವರಿಗೆ ಬಿಡುವಿದ್ದದ್ದು ಜೂನ್ ತಿಂಗಳ ಮೊದಲ ವಾರ. ಆ ದಿನ, ಅವರೆದುರಿಗೇ, ಎಲ್ಲ ಮಡಕೆಗಳ ಗೂಡನ್ನೂ ಪೆಟ್ಟಿಗೆಗೆ ವರ್ಗಾಯಿಸಬೇಕು. ಮಳೆ ಹಿಡಿಯುವ ಹೊತ್ತಿಗೆ ಗೂಡು ತೆರೆಯುವುದು ಎಳೆಮಗುವನ್ನು ನೀರಲ್ಲಿ ನಿಲ್ಲಿಸಿದ ಹಾಗೆ ಎಂದು ಮಾವ್ಶಿ ಹೇಳಿದಳು. ಮಳೆ ಮುಗಿದು ತುಂಬೆ ಹೂಬಿಡಲಿ, ಆಗ ಒಂದೇ ಒಂದು ಮಡಕೆಯನ್ನು ಬದಲಿಸಿ ನೋಡೋಣ, ಅದು ಬದುಕಿದರೆ ಇನ್ನೊಂದು ಎಂದಳು. ಹುಳ ಸಾಕಿದವರ ಮಾತು ಅದು. ಅವರಿಗೆ ಬೇಕಾಗಿದ್ದದ್ದು ಹುಳವಲ್ಲ, ಫೋಟೋ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ ಹಾಗೆ ಮಾದರಿ ಗ್ರಾಮ ಎಂಬ ಬೋರ್ಡು ಬರೆದು ತಂದು ನಮ್ಮ ಹಲಸಿನ ಮರಕ್ಕೆ ಮೊಳೆ ಹೊಡೆದರು. "ಅವರ ಎದುರು ನನ್ನ ಮರ್ಯಾದೆ ತೆಗೆಯಬೇಡ ಲಿಲ್ಲಿ. ಮನೆ ನನ್ನದು," ಎಂದರು ಮಾಮ.

ಈಗ ಹೇಳುವುದನ್ನು ನಾನು ತುಂಬ ವರ್ಷ ಯಾರಿಗೂ ಹೇಳಿರಲಿಲ್ಲ. ಮೇ ತಿಂಗಳ ಕೊನೆಯ ವಾರ ಮಾವ್ಶಿ ಆ ವರ್ಷದ ತುಪ್ಪವನ್ನು ವೈದ್ಯರಿಗೆ ಕೊಡಲು ಕುಕ್ಕುಂದೂರಿಗೆ ಹೋದಳು. ಅಲ್ಲಿ ನೆಂಟರ ಮನೆಯಲ್ಲಿ ಎರಡು ದಿನ ಉಳಿಯುವವಳಿದ್ದಳು. ಅವಳು ಬಸ್ಸು ಹತ್ತಿದ್ದೇ ತಡ, ಮಾಮ ಸುಣ್ಣದವರನ್ನು ಕರೆಸಿದರು. ಬರುವವರ ಕಣ್ಣಿಗೆ ಮನೆ ಬೆಳ್ಳಗೆ ಕಾಣಬೇಕಲ್ಲ. ಮುಜಂಟಿ ನೋಡಲು ಬರುವ ಅತಿಥಿಗಳಿಗಾಗಿ ಮುಜಂಟಿ ಇರುವ ಗೋಡೆಯನ್ನೇ ತಿಕ್ಕಿ ತೊಳೆಯುವ ಬುದ್ಧಿ ನಮ್ಮವರಿಗಲ್ಲದೆ ಬೇರೆ ಯಾರಿಗೆ ಬಂದೀತು? ಸುಣ್ಣ ಬಳಿಯುವ ಮೊದಲು ಬಿರುಕು, ತೂತುಗಳಿಗೆಲ್ಲ ಸಿಮೆಂಟು ಮೆತ್ತಬೇಕಿತ್ತು. ಮಾಮ ತಗಡಿನ ಡಬ್ಬಿಯಲ್ಲಿ ಸಿಮೆಂಟು ಕಲಸಿದರು. ಜಗಲಿಯ ಗೋಡೆಯ ಮೇಲಿನ ಕಂದು ಕೊಳವೆಗಳನ್ನು ಕತ್ತಿಯ ಬೆನ್ನಿನಿಂದ ಕೆರೆದು ಬೀಳಿಸಿದರು. ಆಮೇಲೆ ನನ್ನನ್ನು ಕರೆದರು. "ಜೆಸ್ಸಿ, ನಿನ್ನ ಬೆರಳು ಸಣ್ಣ ಉಂಟಲ್ಲ. ತೂತಿನೊಳಗೆ ಚೆನ್ನಾಗಿ ಒತ್ತು." ನನಗೆ ಆಗ ಹತ್ತು ವರ್ಷ. ದೊಡ್ಡವರ ಕೆಲಸಕ್ಕೆ ಕರೆದರಲ್ಲ ಎಂದು ಹಿಗ್ಗಿಯೇ ಹೋದೆ. ಹುಳಗಳು ಇವೆ ಎಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. "ಮಡಕೆಯಲ್ಲಿ ಬೇಕಾದಷ್ಟು ಉಂಟಲ್ಲ," ಎಂದರು ಮಾಮ, ನಾನು ಅದನ್ನು ನಂಬಿದೆ. ಒಂಬತ್ತು ತೂತಿಗೂ ತೋರುಬೆರಳಿನಿಂದ ಸಿಮೆಂಟು ತುರುಕಿದೆ. ತಣ್ಣಗಿನ ಸಿಮೆಂಟಿನ ಆಚೆ, ಬೆರಳ ತುದಿಗೆ ಸಣ್ಣಗೆ ಏನೋ ಕಚಗುಳಿಯಾಗುತ್ತಿತ್ತು. ಅದು ಏನೆಂದು ಆಗಲೇ ಗೊತ್ತಾಗಿತ್ತು ನನಗೆ. ಬೆರಳು ತೆಗೆಯಲಿಲ್ಲ.

ಮಾವ್ಶಿ ತಿರುಗಿ ಬಂದಾಗ ಮಧ್ಯಾಹ್ನ. ಗೋಡೆ ಕಣ್ಣು ಕುಕ್ಕುವಷ್ಟು ಬೆಳ್ಳಗಿತ್ತು. ಹೂವಿಗೆಂದು ಹೊರಗೆ ಹೋಗಿ ಉಳಿದಿದ್ದ ಹುಳಗಳು ಆ ಬಿಳುಪಿನ ಮೇಲೆ ಎಳ್ಳು ಚೆಲ್ಲಿದ ಹಾಗೆ ಕೂತಿದ್ದವು, ಒಂಬತ್ತು ಕಡೆ, ಒಂಬತ್ತು ಗುಂಪು. ಕಾಲಿನಲ್ಲಿ ಹೂವಿನ ಹುಡಿ ಹೊತ್ತುಕೊಂಡೇ ಇದ್ದವು. ಮಾವ್ಶಿ ಚೀಲವನ್ನು ಕೆಳಗಿಡಲೂ ಇಲ್ಲ. ತಲೆಯ ಪಿನ್ನು ಕಿತ್ತು ಒಂದು ಕಡೆ ಚುಚ್ಚಿದಳು, ಪಿನ್ನು ಬಾಗಿತು. ಒಳಗಿನಿಂದ ಉಳಿ ತಂದಳು. ಮಾಮ ಅಡ್ಡ ನಿಂತರು. "ನಾಡಿದ್ದು ಜನ ಬರ್ತಾರೆ. ಗೋಡೆಗೆ ಕೈ ಹಚ್ಚಿದರೆ ನೋಡು," ಎಂದರು. ಅವಳು ಅವರನ್ನು ನೋಡಲಿಲ್ಲ. ತಿರುಗಿ ನನ್ನ ಕೈ ನೋಡಿದಳು. ಉಗುರಿನ ಸಂದಿಯಲ್ಲಿ ಸಿಮೆಂಟು ಒಣಗಿ ಕೂತಿತ್ತು. ನನ್ನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ, ತೆಂಗಿನೆಣ್ಣೆ ಹಚ್ಚಿ, ಹಿಡಿಸೂಡಿ ಕಡ್ಡಿಯಿಂದ ಉಗುರನ್ನು ಒಂದೊಂದಾಗಿ ಬಿಡಿಸಿದಳು. ನಾನು ಹೊಡೆತಕ್ಕೆ ಕಾಯುತ್ತಿದ್ದೆ. ಆ ವಿಷಯವನ್ನು ಅವಳು ಅಂದೂ ಎತ್ತಲಿಲ್ಲ, ಮುಂದೆಯೂ ಎತ್ತಲಿಲ್ಲ.

ಉದ್ಘಾಟನೆಯ ದಿನ ಬೆಳಗ್ಗಿನಿಂದಲೇ ಮಳೆ. ಶಾಮಿಯಾನದ ಕೆಳಗೆ ಕುರ್ಚಿ, ಬಿಸ್ಲೆರಿ ನೀರು, ಗೋಡಂಬಿ. ಯಲ್ಲವ್ವ ಆ ದಿನದ ಕೂಲಿ ಬಿಟ್ಟು, ಇದ್ದದ್ದರಲ್ಲಿ ಒಳ್ಳೆಯ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಮಾವ್ಶಿ ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸಿದಳು. ಪೆಟ್ಟಿಗೆ ಸಿಗುವವರ ಪಟ್ಟಿ ಹಿಡಿದವನೊಬ್ಬ ಬಂದು ರೇಷನ್ ಕಾರ್ಡು ಕೇಳಿದ. ಅದು ಊರಲ್ಲಿದೆ ಎಂದಳು ಯಲ್ಲವ್ವ. "ಇದು ಸ್ಥಳೀಯರಿಗೆ ಮಾತ್ರ ಅಮ್ಮಾ. ಕುರ್ಚಿ ಬಿಡಿ, ಹೆಸರಿದ್ದವರು ನಿಂತಿದ್ದಾರೆ," ಎಂದ. ಹೆಸರಿದ್ದವರೆಂದರೆ ಮಾಮ ಮತ ಎಣಿಸಿ ಬರೆಸಿದ್ದ ಹತ್ತು ಜನ, ಅವರಲ್ಲಿ ಒಬ್ಬರೂ ಒಂದು ಮುಜಂಟಿಯನ್ನೂ ಸಾಕಿದವರಲ್ಲ. ಯಲ್ಲವ್ವ ಎದ್ದು ಸೆರಗು ಸರಿಮಾಡಿಕೊಂಡು ಮಳೆಯಲ್ಲೇ ನಡೆದು ಹೋದಳು. "ಈ ಊರಿನ ಮುಜಂಟಿಗಳನ್ನು ತಲೆಯಲ್ಲಿ ಹೊತ್ತು ತಂದವಳು ಅವಳೊಬ್ಬಳೇ ಸರ್," ಎಂದಳು ಮಾವ್ಶಿ, ಗಟ್ಟಿಯಾಗಿಯೇ. ಮೈಕು ಪರೀಕ್ಷೆ ಮಾಡುತ್ತಿದ್ದರು, ಯಾರೂ ಕೇಳಿಸಿಕೊಳ್ಳಲಿಲ್ಲ. ಆಮೇಲೆ ಒಂದೊಂದೇ ಮಡಕೆ ಒಡೆದರು. ಮೊಟ್ಟೆಯ ಗೊಂಚಲುಗಳನ್ನು ಚಮಚದಿಂದ ಎತ್ತಿ ಪೆಟ್ಟಿಗೆಗೆ ಹಾಕಿದರು. ಅರ್ಧ ಮಗುಚಿತು, ಅರ್ಧ ಒದ್ದೆಯಾಯಿತು. ದೊಡ್ಡವರು ಒಂದು ಪೆಟ್ಟಿಗೆಯನ್ನು ಮಾವ್ಶಿಯ ಕೈಗೆ ಕೊಟ್ಟಂತೆ ಮಾಡಿ ಕ್ಯಾಮರಾ ನೋಡಿ ನಕ್ಕರು.

ಹತ್ತು ಹದಿನೈದು ದಿನಗಳಲ್ಲಿ ಪೆಟ್ಟಿಗೆಗಳಿಂದ ಕೊಳೆತ ವಾಸನೆ ಬರತೊಡಗಿತು. ಮಾವ್ಶಿ ಹೇಳಿದ್ದ ನೊಣ, ಹೇಳಿದ್ದ ಇರುವೆ, ಹೇಳಿದ ಹಾಗೆಯೇ ಬಂದವು. ಅಗಲ ಬಾಗಿಲನ್ನು ಮೇಣದಿಂದ ಕಿರಿದು ಮಾಡಲು ಹುಳಗಳು ಕೊನೆಯ ದಿನದವರೆಗೂ ಒದ್ದಾಡಿದವು, ಅರ್ಧ ಕಟ್ಟಿದ ಕೊಳವೆಗಳನ್ನು ನಾನೇ ನೋಡಿದ್ದೇನೆ. ಗೋಡೆಯ ತಾಯಿಗೂಡುಗಳು ಉಳಿದಿದ್ದರೆ ಮಾವ್ಶಿ ಮುಂದಿನ ಬೇಸಗೆಯಲ್ಲಿ ಹೊಸ ಮಡಕೆ ಜೋಡಿಸಿ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು, ಅಷ್ಟು ಹಟ ಅವಳಿಗಿತ್ತು. ಅತಿಥಿಗಳು ಹೋದ ಮರುದಿನವೇ ಉಳಿ ಹಿಡಿದು ಮೂರು ಕಡೆ ಸಿಮೆಂಟು ಒಡೆದಳು. ಉಳಿಯ ಏಟಿಗೆ ಗೋಡೆಯ ಮಣ್ಣು ಒಳಕ್ಕೆ ಕುಸಿದು ಗೂಡೇ ಜಜ್ಜಿಹೋಯಿತು. ಉಳಿದ ಆರಕ್ಕೆ ಕೈ ಹಚ್ಚಲಿಲ್ಲ. ಅವಳ ಜೀವನೋಪಾಯ ನಿಂತದ್ದು ಆ ಗೋಡೆಯ ಮೇಲೆ, ಆ ಗೋಡೆ ಮುಚ್ಚಿದ್ದು ನಾನು.

ಮರುವರ್ಷ ಯೋಜನೆಯವರ ಕಿರುಹೊತ್ತಿಗೆಯೊಂದು ಅಂಚೆಯಲ್ಲಿ ಬಂತು. ರಕ್ಷಾಪುಟದಲ್ಲಿ ಮಾವ್ಶಿಯ ಫೋಟೋ. ಒಳಗೆ ಅವಳ ಕುಡಿಕೆಯ ಉಪಾಯ, ಚಿತ್ರ ಬರೆದು ವಿವರಿಸಿದ್ದು. ಅದು ತಮ್ಮ ತಜ್ಞರು ರೂಪಿಸಿದ ವಿಧಾನವೆಂದು ಬರೆದಿದ್ದರು. ಕೊನೆಯ ಪುಟದಲ್ಲಿ, ಇನ್ನಂಜೆಯಲ್ಲಿ ಯೋಜನೆ ಫಲ ಕೊಡದಿರಲು ಫಲಾನುಭವಿಗಳ ನಿರಾಸಕ್ತಿ ಮತ್ತು ನಿರ್ವಹಣೆಯ ಅಜ್ಞಾನವೇ ಕಾರಣವೆಂದಿತ್ತು. ಕನ್ನಡ ಚೆನ್ನಾಗಿ ಓದುವ ಹುಡುಗಿಯೆಂದು ಅದನ್ನು ಗಟ್ಟಿಯಾಗಿ ಓದಿ ಹೇಳುವ ಕೆಲಸವೂ ನನಗೇ ಬಿತ್ತು. ನಿರಾಸಕ್ತಿ ಎಂದರೆ ಎಂತ ಎಂದು ಮಾವ್ಶಿ ಕೇಳಿದಳು. ಮನಸ್ಸಿಲ್ಲದಿರುವುದು ಎಂದೆ. "ಹೌದಾ?" ಎಂದಳು, ಅಷ್ಟೇ. ಆ ಹೊತ್ತಿಗೆಯನ್ನು ಹರಿದು ಮಾವಿನ ಮಿಡಿಯ ಭರಣಿಯ ಬಾಯಿಗೆ ಕಟ್ಟಿದಳು.

ಯಲ್ಲವ್ವ ತನ್ನ ಕರಟಗಳಲ್ಲಿ ಒಂದನ್ನು ತಿರುಗಿ ತಂದಿದ್ದಳು. ಮಾವ್ಶಿ ಮುಟ್ಟಲಿಲ್ಲ. "ಅದು ನಿನ್ನದು, ನಿನ್ನ ಹತ್ತಿರವೇ ಬೆಳೆಯಲಿ. ಬಾಗಿಲು ಮುಚ್ಚುವವರ ಮನೆಗೆ ನಾನು ಇನ್ನು ಹುಳ ತರುವುದಿಲ್ಲ," ಎಂದಳು. ಮತ್ತೆ ಬೀಡಿಯ ಮೊರ ಮಡಿಲಿಗೆ ಬಂತು, ಅದರ ಹಿಂದೆ ಕೆಮ್ಮು ಬಂತು. ಅಪ್ಪ ಅಮ್ಮ ಕುವೈತಿನಿಂದ ತಿರುಗಿ ಬಂದು ಉದ್ಯಾವರದಲ್ಲಿ ಮನೆ ಮಾಡಿದ ಮೇಲೆ ನಾನು ಅವರ ಜೊತೆ ಹೋದೆ. ಭಾನುವಾರಗಳಲ್ಲಿ ಹೋಗಿ ನೋಡುತ್ತಿದ್ದೆ. ಪ್ರತಿ ಸಲವೂ ಇವತ್ತು ಹೇಳುತ್ತೇನೆ, ಕ್ಷಮಿಸು ಎನ್ನುತ್ತೇನೆ ಎಂದುಕೊಂಡು ಹೋಗಿ, ಅವಳು ಕಟ್ಟಿಕೊಟ್ಟ ಹಲಸಿನ ಹಪ್ಪಳ ಹಿಡಿದುಕೊಂಡು ಬರುತ್ತಿದ್ದೆ. ನಾನು ಕಾಲೇಜು ಸೇರಿದ ವರ್ಷ ಅವಳು ಕೆಮ್ಮಿ ಕೆಮ್ಮಿಯೇ ಹೋದಳು. ನಾನು ಹೇಳಿರಲಿಲ್ಲ.

ಅವಳು ಹೋದ ಎರಡು ವರ್ಷಕ್ಕೆ ಮಾಮ ಆ ಮನೆ ಕೆಡವಿಸಿದರು, ತಾರಸಿಯದ್ದು ಕಟ್ಟಲು. ನೋಡಲು ಹೋದೆ. ಸುಣ್ಣದ ಗೋಡೆ ಅರ್ಧ ಬಿದ್ದಿತ್ತು. ಕಲ್ಲಿನ ರಾಶಿಯ ಪಕ್ಕ ತಲೆಗೆ ಟವೆಲು ಸುತ್ತಿಕೊಂಡು ನಿಂತಿದ್ದವಳು ಯಲ್ಲವ್ವ. ಕೂದಲು ನರೆತಿತ್ತು, ಗುರುತು ಸಿಕ್ಕಿತು. ಈ ಮನೆ ಕೆಡವುತ್ತಾರೆಂದು ಕೇಳಿ, ಗುತ್ತಿಗೆದಾರನನ್ನು ತಾನೇ ಕಾಡಿ ಈ ಕೆಲಸಕ್ಕೆ ಬಂದಿದ್ದಳಂತೆ. ಸೆರಗಿನ ಗಂಟು ಬಿಚ್ಚಿ ಒಂದು ಸಿಮೆಂಟಿನ ಉಂಡೆ ತೆಗೆದು ನನ್ನ ಅಂಗೈಗಿಟ್ಟಳು. ಒಂದು ಕಡೆ ಸಣ್ಣ ಬೆರಳೊಂದು ಒತ್ತಿದ ಕುಳಿ. ಇನ್ನೊಂದು ಕಡೆ, ಗೋಡೆಯ ಒಳಗಿದ್ದ ಕಡೆ, ಕಂದು ಮೇಣ ದಪ್ಪಗೆ ಮೆತ್ತಿತ್ತು. ಒಳಗಿನಿಂದ ಅವು ಆ ಸಿಮೆಂಟಿನ ಮೇಲೆಯೇ ಬಾಗಿಲು ಕಟ್ಟಲು ನೋಡಿದ್ದವು. ಮೇಣದಲ್ಲಿ ಎರಡು ಮೂರು ಹುಳಗಳು ಒಣಗಿ ಅಂಟಿಕೊಂಡಿದ್ದವು. "ಯಾರ್ ಮಾಡಿದ್ರೋ ಏನೋ. ಎಷ್ಟ ಸಲ ಕೇಳೇನ್ರಿ, ಬಾಯಾರು ಸಾಯೋತನಕ ಹೆಸರ ಹೇಳಲಿಲ್ಲ," ಎಂದಳು ಯಲ್ಲವ್ವ.

"ನಾನೇ ಯಲ್ಲವ್ವ," ಎಂದೆ. ಅಷ್ಟು ವರ್ಷ ಗಂಟಲಲ್ಲಿದ್ದದ್ದು ಎರಡೇ ಮಾತಿನಲ್ಲಿ ಮುಗಿದುಹೋಯಿತು. ಅವಳು ಉಂಡೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಆ ಕುಳಿಯನ್ನು ತಿರುಗಿಸಿ ನೋಡಿದಳು. "ಬೆರಳ ನಿಮ್ದು," ಎಂದಳು. "ಸಿಮೆಂಟ್ ಯಾರ ಕಲಸಿದ್ರು?" ಗಾರೆ ಕೆಲಸದವಳ ಪ್ರಶ್ನೆ. ನಾನು ಅಂಗಳದ ಆಚೆ, ಮೇಸ್ತ್ರಿಯ ಜೊತೆ ನಕ್ಷೆ ಹಿಡಿದು ನಿಂತಿದ್ದ ಮಾಮನ ಕಡೆ ನೋಡಿದೆ. ಅವಳೂ ನೋಡಿದಳು. "ಐತವಾರ ನಮ್ಮ ಶೆಡ್ಡಿಗೆ ಬರ್ರಿ," ಎಂದಷ್ಟೇ ಹೇಳಿ ಕಲ್ಲಿನ ಬುಟ್ಟಿ ಎತ್ತಿದಳು.

ಭಾನುವಾರ ಮಣಿಪಾಲಕ್ಕೆ ಹೋದೆ. ಶೆಡ್ಡಿನ ತಗಡಿನ ಮಾಡಿನ ಕೆಳಗೆ, ನೆರಳಿನ ಬದಿಯಲ್ಲಿ, ಎಣ್ಣೆ ಸವರಿದ ತಂತಿಗಳಲ್ಲಿ ಹನ್ನೊಂದು ಕರಟಗಳು ತೂಗುತ್ತಿದ್ದವು. ಪಟ್ಟಿಯಲ್ಲಿ ಹೆಸರಿಲ್ಲವೆಂದು ಕುರ್ಚಿಯಿಂದ ಎಬ್ಬಿಸಿಕೊಂಡವಳ ಹತ್ತಿರ ಮಾತ್ರ ಮಾವ್ಶಿಯ ಹುಳಗಳು ಬದುಕಿದ್ದವು. ಪ್ರತಿಯೊಂದರ ಮೇಲೂ ತುಪ್ಪಕ್ಕೆಂದು ಮೆತ್ತಿದ ಇನ್ನೊಂದು ಚಿಕ್ಕ ಕರಟ, ಮಾವ್ಶಿ ಕಲಿಸಿದ ಹಾಗೆಯೇ. ಬೆನ್ನು ಸೋತ ದಿನ ಇವೇ ಹೊಟ್ಟೆ ಹೊರೆಯುವುದು ಎಂದಳು. ಅದೇ ವಾಸನೆ, ಹುಳಿ, ಮೇಣ, ಬಿಸಿಲು. ಅಡಿಯಲ್ಲಿ ಬೇರೆ ಯಾವ ವಾಸನೆಯೂ ಇರಲಿಲ್ಲ. ಸಂಜೆಯವರೆಗೆ ಕಾದು, ಹುಳಗಳೆಲ್ಲ ಒಳಗೆ ಸೇರಿದ ಮೇಲೆ, ಒಂದು ಕರಟವನ್ನು ಬಿಡಿಸಿ, ಕೊಳವೆಯ ಬಾಯಿಗೆ ತೆಳ್ಳಗಿನ ಬಟ್ಟೆ ಕಟ್ಟಿ ನನ್ನ ಎರಡೂ ಅಂಗೈಗಳ ನಡುವೆ ಇಟ್ಟಳು. ಒಳಗಿನ ಗುಂಯ್ ಎನ್ನುವುದು ಚರ್ಮಕ್ಕೆ ತಾಗುತ್ತಿತ್ತು.

"ಹುಷಾರ್ರಿ," ಎಂದಳು. "ಅವಕ್ಕ ಉಸಿರಾಡಾಕ ಅದೊಂದ ದಾರಿ. ಬಾಗಿಲ ಮ್ಯಾಲ ಬೆರಳ ಇಡಬ್ಯಾಡ್ರಿ."

ಮಣಿಪಾಲದಿಂದ ಉದ್ಯಾವರದವರೆಗೆ ಬಸ್ಸಿನಲ್ಲಿ ಆ ಬೆರಳನ್ನು ಮಡಚಿಕೊಂಡೇ ಕೂತಿದ್ದೆ.